ಉಸಿರೇ ಬಲ: ಹಳೆಯ ಡೀಸೆಲ್ ಟ್ರಕ್ಕುಗಳ ಶಕ್ತಿವರ್ಧನೆಯ ಚರಿತ್ರೆ

ಯಂತ್ರಶಿಲ್ಪದ ಚರಿತ್ರೆಯನ್ನು ಬರೆಯುವವರು ಹೊಸ ಯಂತ್ರಗಳನ್ನು ನಿರ್ಮಿಸಿದವರ ಕೀರ್ತಿಯನ್ನು ವಿಸ್ತಾರವಾಗಿ ವರ್ಣಿಸುತ್ತಾರೆ. ಇದ್ದ ಯಂತ್ರವನ್ನೇ ಬಿಚ್ಚಿ, ಅಳೆದು, ತಿದ್ದಿ, ಅದರೊಳಗೆ ಅಡಗಿದ್ದ ಬಲವನ್ನು ಹೊರತಂದ ಕುಶಲಿಗಳ ವೃತ್ತಾಂತಕ್ಕಾದರೋ ಅಲ್ಲಿ ಒಂದೆರಡು ಪಂಕ್ತಿಗಳಿಗಿಂತ ಹೆಚ್ಚಿನ ಸ್ಥಳ ದೊರೆಯುವುದಿಲ್ಲ. ಅಂಥ ಕುಶಲಿಗಳ ಒಂದು ಪರಂಪರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕೃಷಿಪ್ರಧಾನ ರಾಜ್ಯಗಳಲ್ಲಿ ಬೆಳೆದುಬಂದಿದೆ. ಕಾರ್ಖಾನೆಯಿಂದ 160 ಅಶ್ವಶಕ್ತಿಯೊಡನೆ ಹೊರಟ ಹಳೆಯ ಟರ್ಬೋ ಡೀಸೆಲ್ ಎಂಜಿನ್ನೊಂದನ್ನು, ಅದರ ಬ್ಲಾಕನ್ನಾಗಲಿ ಕ್ರ್ಯಾಂಕ್‌ಶಾಫ್ಟನ್ನಾಗಲಿ ಬದಲಿಸದೆ, ಎರಡರಷ್ಟು ಮೂರರಷ್ಟು ಬಲಕ್ಕೆ ಏರಿಸತಕ್ಕ ವಿದ್ಯೆ ಅವರದು. ಹೊರಗಿನಿಂದ ನೋಡುವವರಿಗೆ ಇದು ಬಿಡುವಿನ ವೇಳೆಯ ವಿನೋದವೆಂದು ತೋರಬಹುದು. ಆದರೆ ಇದರ ಹಿಂದೆ ಒಂದು ಶತಮಾನಕ್ಕೂ ಮೀರಿದ ಚಿಂತನೆಯಿದೆ, ಮತ್ತು ಆ ಚಿಂತನೆಯ ಸಾರವೆಲ್ಲ ಒಂದೇ ತತ್ತ್ವದಲ್ಲಿ ಅಡಕವಾಗಿದೆ: ಡೀಸೆಲ್ ಎಂಜಿನ್ನಿನ ಬಲವನ್ನು ನಿರ್ಣಯಿಸುವುದು ಅದು ಕುಡಿಯುವ ಎಣ್ಣೆಗಿಂತ ಹೆಚ್ಚಾಗಿ ಅದು ಸೇವಿಸುವ ಗಾಳಿ.

ಈ ತತ್ತ್ವವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಚಾಲಕನು ಪೆಡಲನ್ನು ಒತ್ತಿದಾಗ ತೆರೆಯುವುದು ಗಾಳಿಯ ಬಾಗಿಲು. ಡೀಸೆಲ್ ಎಂಜಿನ್ನಿನಲ್ಲಿಯಾದರೋ ಗಾಳಿಗೆ ತಡೆಯೇ ಇಲ್ಲ, ಪ್ರತಿಯೊಂದು ಸಿಲಿಂಡರೂ ಪ್ರತಿ ಸಲವೂ ತನಗೆ ಹಿಡಿಯುವಷ್ಟು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಪೆಡಲಿನಿಂದ ಬದಲಾಗುವುದು ಎಣ್ಣೆಯ ಪ್ರಮಾಣವೊಂದೇ. ಆದುದರಿಂದ ಹೆಚ್ಚು ಎಣ್ಣೆಯನ್ನು ಸಿಂಪಡಿಸಿದರೆ ಹೆಚ್ಚು ಬಲ ಬರುವುದೆಂಬ ಭಾವನೆ ಸಹಜವಾಗಿ ಹುಟ್ಟುತ್ತದೆ, ಮತ್ತು ಒಂದು ಮಿತಿಯವರೆಗೆ ಅದು ನಿಜವೂ ಹೌದು. ಆ ಮಿತಿಯನ್ನು ವಿಧಿಸುವುದು ರಸಾಯನಶಾಸ್ತ್ರ. ಒಂದು ಕಿಲೋಗ್ರಾಂ ಡೀಸೆಲ್ ಸಂಪೂರ್ಣವಾಗಿ ದಹಿಸಲು ಸುಮಾರು 14.5 ಕಿಲೋಗ್ರಾಂ ಗಾಳಿ ಬೇಕು. ಎಂದರೆ ಒಂದು ಲೀಟರು ಎಣ್ಣೆಗೆ ಸುಮಾರು ಹತ್ತು ಸಾವಿರ ಲೀಟರು ಗಾಳಿ. ಸಿಲಿಂಡರಿನೊಳಗೆ ಎಣ್ಣೆಯ ಕಣಗಳು ಗಾಳಿಯೊಡನೆ ಬೆರೆಯಲು ದೊರೆಯುವ ಅವಕಾಶ ಸೆಕೆಂಡಿನ ಕೆಲವೇ ಸಹಸ್ರಾಂಶಗಳಾದುದರಿಂದ, ಲೆಕ್ಕಕ್ಕಿಂತಲೂ ಸಾಕಷ್ಟು ಅಧಿಕವಾದ ಗಾಳಿಯಿದ್ದ ಹೊರತು ದಹನ ಶುದ್ಧವಾಗಲಾರದು. ಗಾಳಿ ಸಾಲದೆ ಹೋದಾಗ, ಆಮ್ಲಜನಕವನ್ನು ಸಂಧಿಸಲಾರದ ಇಂಗಾಲದ ಕಣಗಳು ಕಪ್ಪು ಹೊಗೆಯಾಗಿ ಹೊರಬೀಳುತ್ತವೆ. ಒಳಗಿನ ಉಷ್ಣತೆ ಏರುತ್ತ ಹೋಗುತ್ತದೆ. ಬಲ ಮಾತ್ರ ಏರುವುದಿಲ್ಲ.

ಗಾಳಿಯನ್ನು ಹೆಚ್ಚಿಸುವ ಉಪಾಯವನ್ನು ಕಂಡವನು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಪಟ್ಟಣದಲ್ಲಿ 1879ರಲ್ಲಿ ಜನಿಸಿದ ಆಲ್ಫ್ರೆಡ್ ಬ್ಯೂಖಿ. ರುಡಾಲ್ಫ್ ಡೀಸೆಲನ ಯಶಸ್ವಿ ಎಂಜಿನ್ 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಪರೀಕ್ಷೆಗೊಂಡಾಗ, ಎಣ್ಣೆಯ ಉಷ್ಣದಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಿನದು ಕೆಲಸವಾಗಿ ಮಾರ್ಪಟ್ಟಿತೆಂದು ಜಗತ್ತು ವಿಸ್ಮಯಪಟ್ಟಿತು. ಬ್ಯೂಖಿಯ ಮನಸ್ಸಾದರೋ ಮಾರ್ಪಡದೆ ಉಳಿದ ಭಾಗದ ಮೇಲೆ ನೆಟ್ಟಿತು. ಹೊರಹೋಗುವ ಬಿಸಿ ಅನಿಲದೊಡನೆ ವ್ಯರ್ಥವಾಗುವ ಶಕ್ತಿಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬಬಹುದೆಂಬ ಆಲೋಚನೆಗೆ ಅವನು 1905ರಲ್ಲಿ ಪೇಟೆಂಟ್ ಪಡೆದನು. ಕಮ್ಮಾರನು ತನ್ನ ಕುಲುಮೆಗೆ ಇದ್ದಲು ಸುರಿದಷ್ಟಕ್ಕೇ ಸುಮ್ಮನಾಗದೆ ತಿದಿಯನ್ನು ಒತ್ತುವಂತೆ, ಇಲ್ಲಿ ಎಂಜಿನ್ನು ತನ್ನ ತಿದಿಯನ್ನು ತಾನೇ ಒತ್ತಿಕೊಳ್ಳುವ ವ್ಯವಸ್ಥೆಯಾಯಿತು. ಆದರೆ ಆ ಕಾಲದ ಲೋಹಗಳು ಆ ತಾಪವನ್ನೂ ಆ ವೇಗವನ್ನೂ ತಾಳಲಾರದವು. ಆಲೋಚನೆ ಕಾರ್ಯರೂಪಕ್ಕೆ ಬರಲು ಇಪ್ಪತ್ತು ವರ್ಷಗಳು ಹಿಡಿದವು. 1920ರ ದಶಕದ ನಡುವೆ ಜರ್ಮನಿಯ ‘ಪ್ರೊಯ್ಸೆನ್’ ಮತ್ತು ‘ಹಾನ್ಸೆಷ್ಟಾಟ್ ಡಾನ್ಸಿಗ್’ ಎಂಬ ಹಡಗುಗಳ ಹತ್ತು ಸಿಲಿಂಡರಿನ ಎಂಜಿನ್ನುಗಳಿಗೆ ಮುಂದೆ ಟರ್ಬೋ ಎನಿಸಿದ ಈ ಸಾಧನವನ್ನು ಜೋಡಿಸಿದಾಗ, 1,750 ಅಶ್ವಶಕ್ತಿ ನೀಡುತ್ತಿದ್ದವು 2,500 ಅಶ್ವಶಕ್ತಿಗೆ ಏರಿದವು. ಆ ಅಧಿಕ ಬಲವೆಲ್ಲ ಅದುವರೆಗೆ ಹೊಗೆಕೊಳವೆಯಿಂದ ಆಕಾಶಕ್ಕೆ ಸೇರಿಹೋಗುತ್ತಿದ್ದ ಉಷ್ಣದ ಪ್ರಸಾದ.

ಹಡಗಿನಿಂದ ರಸ್ತೆಗೆ ಈ ವಿದ್ಯೆ ಇಳಿದುದು ನಿಧಾನವಾಗಿ. ಸ್ವಿಸ್ ಸಂಸ್ಥೆಯಾದ ಸೌರರ್ 1938ರಲ್ಲಿ ಟ್ರಕ್ಕಿಗೆ ಟರ್ಬೋ ಎಂಜಿನ್ನನ್ನು ಅಳವಡಿಸಿತು. ಯುದ್ಧಾನಂತರ 1954ರಲ್ಲಿ ಸ್ವೀಡನ್ನಿನ ವೋಲ್ವೋ ತನ್ನ ಟೈಟನ್ ಟ್ರಕ್ಕಿನ 150 ಅಶ್ವಶಕ್ತಿಯ ಎಂಜಿನ್ನಿಗೆ ಟರ್ಬೋ ಕೂಡಿಸಿ 185ಕ್ಕೆ ಏರಿಸಿತು. 1969ರಲ್ಲಿ ಸ್ಕಾನಿಯಾ ಸಂಸ್ಥೆಯ 14 ಲೀಟರಿನ ವಿ-8 ಎಂಜಿನ್ 350 ಅಶ್ವಶಕ್ತಿಯೊಡನೆ ಹೊರಬಂದಾಗ, ಅದು ಯೂರೋಪಿನ ಟ್ರಕ್ಕುಗಳಲ್ಲೆಲ್ಲ ಬಲಿಷ್ಠವಾದುದೆನಿಸಿತು. ಇವೆಲ್ಲ ದೊಡ್ಡ ಕಾರ್ಖಾನೆಗಳ ಸಾಧನೆಗಳು. ನಮ್ಮ ಪ್ರಸ್ತುತ ವಿಷಯವಾದ ಕುಶಲಿಗಳ ಪರಂಪರೆಗೆ ಮೂಲವನ್ನು ಅರಸಬೇಕಾದರೆ ಅಟ್ಲಾಂಟಿಕ್ ಸಾಗರವನ್ನು ದಾಟಿ, ಅಮೆರಿಕದ ಇಂಡಿಯಾನ ರಾಜ್ಯದ ಕೊಲಂಬಸ್ ಎಂಬ ಸಣ್ಣ ಊರಿಗೆ ಹೋಗಬೇಕು.

ಅಲ್ಲಿ 1919ರಲ್ಲಿ ಡೀಸೆಲ್ ಎಂಜಿನ್ ಸಂಸ್ಥೆಯೊಂದನ್ನು ಸ್ಥಾಪಿಸಿದ ಕ್ಲೆಸಿ ಕಮಿನ್ಸ್, ಡೀಸೆಲ್ಲೆಂದರೆ ಹಡಗಿಗೂ ಪಂಪ್‌ಹೌಸಿಗೂ ಮಾತ್ರ ಯೋಗ್ಯವಾದ ಜಡಯಂತ್ರವೆಂಬ ಲೋಕದ ಅಭಿಪ್ರಾಯವನ್ನು ಅಳಿಸಲು ಪಣತೊಟ್ಟವನು. 1931ರ ಇಂಡಿಯಾನಾಪೊಲಿಸ್ 500 ಮೈಲಿ ಪಂದ್ಯದಲ್ಲಿ ಅವನ ಡೀಸೆಲ್ ಕಾರು ಎಣ್ಣೆಗಾಗಿಯಾಗಲಿ ಚಕ್ರಕ್ಕಾಗಿಯಾಗಲಿ ಒಮ್ಮೆಯೂ ನಿಲ್ಲದೆ ಪೂರ್ಣ ದೂರವನ್ನು ಕ್ರಮಿಸಿ ಹದಿಮೂರನೆಯ ಸ್ಥಾನದಲ್ಲಿ ಮುಗಿಸಿತು. 1952ರಲ್ಲಿ ಅದೇ ಸಂಸ್ಥೆ ಆರು ಸಿಲಿಂಡರಿನ ಟ್ರಕ್ ಎಂಜಿನ್ನೊಂದನ್ನು ಪಕ್ಕಕ್ಕೆ ಮಲಗಿಸಿ, ಟರ್ಬೋ ಜೋಡಿಸಿ, ಅದೇ ಪಂದ್ಯಕ್ಕೆ ಇಳಿಸಿದಾಗ, ಚಾಲಕ ಫ್ರೆಡ್ ಅಗಬೇಷಿಯನ್ ಗಂಟೆಗೆ 138 ಮೈಲಿಗಳ ಸರಾಸರಿ ವೇಗದಿಂದ ಆರಂಭದ ಸಾಲಿನ ಅಗ್ರಸ್ಥಾನವನ್ನು ಗಳಿಸಿದನು. ಪಂದ್ಯದ ದಿನ ಆ ಕಾರು 71ನೆಯ ಸುತ್ತಿನಲ್ಲಿ ನಿಂತುಹೋಯಿತು. ಕಾರಣ ಎಂಜಿನ್ನಿನ ದೌರ್ಬಲ್ಯವಲ್ಲ: ನೆಲಕ್ಕೆ ಸಮೀಪವಾಗಿದ್ದ ಟರ್ಬೋವಿನ ಗಾಳಿಬಾಯಿಯನ್ನು ಓಟದ ಹಾದಿಯಲ್ಲಿ ಹಾರುತ್ತಿದ್ದ ಟೈರಿನ ರಬ್ಬರು ಚೂರುಗಳು ಮುಚ್ಚಿದ್ದವು. ಉಸಿರು ಕಟ್ಟಿದರೆ ಅತ್ಯುತ್ತಮ ಡೀಸೆಲ್ಲೂ ಸೋಲುತ್ತದೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಕಿಲ್ಲ.

ಮುಂದಿನ ವರ್ಷಗಳಲ್ಲಿ ಅಮೆರಿಕದ ಹೊಲಗಳಲ್ಲಿಯೂ ಈ ವಿದ್ಯೆ ಬೇರೂರತೊಡಗಿತು. ಆಲಿಸ್-ಚಾಮರ್ಸ್ ಸಂಸ್ಥೆ 1961ರಲ್ಲಿ ಡಿ-19 ಎಂಬ ಟ್ರಾಕ್ಟರನ್ನು ಟರ್ಬೋ ಸಹಿತವಾಗಿ ಮಾರಾಟಕ್ಕೆ ತಂದಿತು. ಟರ್ಬೋ ಇಲ್ಲದ ಟ್ರಾಕ್ಟರುಗಳನ್ನು ಉಳ್ಳ ರೈತರು ಅದನ್ನು ಹೊರಗಿನಿಂದ ಕೊಂಡು ಕೂಡಿಸತೊಡಗಿದರು. ಜಾತ್ರೆಗಳಲ್ಲಿ ನಡೆಯುತ್ತಿದ್ದ ಟ್ರಾಕ್ಟರ್ ಎಳೆಯುವ ಪಂದ್ಯಗಳು ಈ ಉತ್ಸಾಹಕ್ಕೆ ಗರಡಿಮನೆಗಳಾದವು. 1969ರಲ್ಲಿ ಈ ಸ್ಪರ್ಧಿಗಳ ರಾಷ್ಟ್ರೀಯ ಸಂಘವೊಂದು ಸ್ಥಾಪನೆಯಾಗಿ ನಿಯಮಗಳು ಏಕರೂಪಕ್ಕೆ ಬಂದವು. ಈ ಪಂದ್ಯದಲ್ಲಿ ಎಳೆಯಬೇಕಾದ ಬಂಡಿ ಮುಂದೆ ಸರಿದಂತೆಲ್ಲ ಅದರ ಮೇಲಿನ ಭಾರ ಸ್ಪರ್ಧಿಯ ಕಡೆಗೆ ಜರುಗಿ ಎಳೆತ ಕಠಿಣವಾಗುತ್ತ ಹೋಗುವುದರಿಂದ, ಕ್ಷಣಮಾತ್ರದ ರಭಸಕ್ಕಿಂತ, ತೂಕ ಏರಿದರೂ ಬಾಗದ ಟಾರ್ಕಿಗೆ ಬೆಲೆ ಹೆಚ್ಚು. ನೊಗದ ಮರ್ಮವನ್ನು ತಲೆಮಾರುಗಳಿಂದ ಬಲ್ಲ ರೈತರೇ ಹೀಗೆ ಎಂಜಿನ್ನಿನ ಮರ್ಮವನ್ನೂ ಕಲಿತರು. ಮುಂದೆ ಪಿಕಪ್ ಟ್ರಕ್ಕುಗಳ ಎಂಜಿನ್ನನ್ನು ತಿದ್ದಿದ ಕೈಗಳಲ್ಲಿ ಅನೇಕವು ಈ ಗರಡಿಯಲ್ಲಿ ಪಳಗಿದವು.

ಅವರ ಕೈಗೆ ತಕ್ಕ ಎಂಜಿನ್ ದೊರೆತುದು 1980ರ ದಶಕದಲ್ಲಿ. ಕಮಿನ್ಸ್ ಸಂಸ್ಥೆಯೂ ಕೃಷಿಯಂತ್ರಗಳನ್ನು ತಯಾರಿಸುತ್ತಿದ್ದ ಕೇಸ್ ಸಂಸ್ಥೆಯೂ ಜೊತೆಗೂಡಿ ಬಿ-ಸರಣಿಯೆಂಬ ಎಂಜಿನ್ನುಗಳನ್ನು ರೂಪಿಸಿ, ಉತ್ತರ ಕೆರೊಲಿನದ ಕಾರ್ಖಾನೆಯಲ್ಲಿ ತಯಾರಿಸತೊಡಗಿದವು. ಅದರ ಆರು ಸಿಲಿಂಡರಿನ ರೂಪ 102 ಮಿಲಿಮೀಟರ್ ವ್ಯಾಸ, 120 ಮಿಲಿಮೀಟರ್ ಚಲನದೂರ, ಒಟ್ಟು 5.9 ಲೀಟರ್ ಗಾತ್ರದ್ದು. ದಪ್ಪ ಎರಕದ ಬ್ಲಾಕು, ಹಲ್ಲುಚಕ್ರಗಳಿಂದಲೇ ತಿರುಗುವ ಕ್ಯಾಮ್‌ಶಾಫ್ಟು, ಏಳು ಮುಖ್ಯ ಬೇರಿಂಗುಗಳ ಮೇಲೆ ನಿಂತ ಕ್ರ್ಯಾಂಕು; ದಿನವಿಡೀ ಪೂರ್ಣಭಾರದಲ್ಲಿ ದುಡಿಯಬೇಕಾದ ಟ್ರಾಕ್ಟರಿಗೂ ರಸ್ತೆಕಾಮಗಾರಿಯ ಯಂತ್ರಕ್ಕೂ ತಕ್ಕಂತೆ ಅದನ್ನು ನಿರ್ಮಿಸಿದ್ದರು. 1989ರಲ್ಲಿ ಇದನ್ನು ಡಾಡ್ಜ್ ಸಂಸ್ಥೆಯ ರಾಮ್ ಪಿಕಪ್ಪಿನಲ್ಲಿ ಇರಿಸಿದಾಗ ಅದಕ್ಕೆ ನಿಗದಿಯಾದುದು 160 ಅಶ್ವಶಕ್ತಿ, ಸುಮಾರು 540 ನ್ಯೂಟನ್-ಮೀಟರ್ ಟಾರ್ಕ್. ಮಿತವಾದ ಈ ಅಂಕೆಯೇ ಮುಂದಿನ ಕಥೆಗೆಲ್ಲ ಬೀಜ. ಎಂಜಿನ್ನು ಅದಕ್ಕಿಂತ ಬಹಳ ಹೆಚ್ಚಿನದನ್ನು ತಾಳಬಲ್ಲುದಾಗಿದ್ದರೂ, ಅದರ ಹಿಂದಿದ್ದ ಗೇರ್‌ಬಾಕ್ಸು ತಾಳಲಾರದಾಗಿತ್ತು. ಲಕ್ಷಾಂತರ ಮೈಲಿಗಳ ಬಾಳಿಕೆಯ ಭರವಸೆಯನ್ನೂ ಸಂಸ್ಥೆ ಉಳಿಸಿಕೊಳ್ಳಬೇಕಾಗಿತ್ತು. ಹೀಗೆ ನಿರ್ಮಾಪಕನು ಬಾಳಿಕೆಗೆಂದು ಕಾದಿರಿಸಿದ ನಿಧಿಯೊಂದು ಆ ಎಂಜಿನ್ನಿನೊಳಗೆ ಉಳಿದಿತ್ತು.

ಆ ನಿಧಿಯ ಕೀಲಿಕೈಯಾಗಿ ಪರಿಣಮಿಸಿದುದು ಇಂಧನದ ಪಂಪು, ಮತ್ತು ಅದನ್ನು ಕುಶಲಿಗಳ ಕೈಗಿತ್ತುದು ಹೊಗೆಯನ್ನು ತಡೆಯಲೆಂದು ಹುಟ್ಟಿದ ಶಾಸನ! ಭಾರೀ ಡೀಸೆಲ್ ಎಂಜಿನ್ನುಗಳು ಹೊರಬಿಡಬಹುದಾದ ಕಣಗಳ ಪ್ರಮಾಣಕ್ಕೆ ಅಮೆರಿಕದ ಸರ್ಕಾರ 1988ರಲ್ಲಿ ವಿಧಿಸಿದ ಮಿತಿ, ಒಂದು ಅಶ್ವಶಕ್ತಿಯ ಒಂದು ಗಂಟೆಯ ಕೆಲಸಕ್ಕೆ 0.60 ಗ್ರಾಂ, 1991ರಲ್ಲಿ ಅದು 0.25ಕ್ಕೂ, 1994ರಲ್ಲಿ 0.10ಕ್ಕೂ ಇಳಿಯಿತು. ಎಣ್ಣೆಯನ್ನು ಹೆಚ್ಚು ಒತ್ತಡದಿಂದ, ಹೆಚ್ಚು ಸೂಕ್ಷ್ಮವಾದ ತುಂತುರಾಗಿ ಸಿಂಪಡಿಸಿದ ಹೊರತು ಈ ಮಿತಿಯನ್ನು ಮುಟ್ಟುವುದು ಅಸಾಧ್ಯವಾದುದರಿಂದ, ಅದುವರೆಗಿನ ಸಣ್ಣ ವಿಇ ಪಂಪಿನ ಸ್ಥಾನಕ್ಕೆ 1994ರ ಮಾದರಿಯಲ್ಲಿ ಬಾಷ್ ಸಂಸ್ಥೆಯ ಪಿ-7100 ಎಂಬ ಸಾಲುಪಂಪು ಬಂದಿತು. ಪ್ರತಿ ಸಿಲಿಂಡರಿಗೂ ಪ್ರತ್ಯೇಕವಾದ ಪ್ಲಂಜರನ್ನುಳ್ಳ ಈ ಪಂಪು ಮೂಲತಃ ದೊಡ್ಡ ಟ್ರಕ್ಕುಗಳ ವರ್ಗಕ್ಕೆ ಸೇರಿದುದು. ಆ ಮಾದರಿಗೆ ನಿಗದಿಯಾದ 175 ಅಶ್ವಶಕ್ತಿಗೆ ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚು ಎಣ್ಣೆಯನ್ನು ಕಳುಹಿಸಬಲ್ಲುದು. ಅದರಲ್ಲಿ ವಿದ್ಯುನ್ಮಾನದ ಸೋಂಕಿಲ್ಲ; ಎಲ್ಲವೂ ಸ್ಪ್ರಿಂಗು, ಸನ್ನೆ, ತಟ್ಟೆ, ತಿರುಪು. ಕಣ್ಣಿಗೆ ಕಾಣುವುದನ್ನು, ಕೈಗೆ ಸಿಗುವುದನ್ನು ತಿದ್ದಲು ಹಳ್ಳಿಯ ಕುಶಲಿಗೆ ಯಾರ ಅನುಮತಿಯೂ ಬೇಕಿರಲಿಲ್ಲ.

ಆ ತಿದ್ದುಪಡಿಗಳ ಕ್ರಮ ಹೀಗೆ. ಪಂಪಿನ ರ್‍ಯಾಕ್ ಎಂಬ ಸರಳು ಎಷ್ಟು ಸರಿದರೆ ಅಷ್ಟು ಎಣ್ಣೆ ಹೋಗುತ್ತದೆ. ಯಾವ ವೇಗದಲ್ಲಿ ಅದು ಎಷ್ಟು ಸರಿಯಬಹುದೆಂಬುದನ್ನು ಒಂದು ಸಣ್ಣ ಉಕ್ಕಿನ ತಟ್ಟೆಯ ಅಂಚು ನಿರ್ಧರಿಸುತ್ತದೆ. ಕುಶಲಿಗಳು ಮೊದಲು ಆ ತಟ್ಟೆಯನ್ನು ಹಿಂದಕ್ಕೆ ಸರಿಸಿದರು, ಬಳಿಕ ಅದರ ಅಂಚನ್ನು ಉಜ್ಜಿ ಬೇರೆ ಆಕಾರಕ್ಕೆ ತಂದರು, ಕೆಲವರು ತೆಗೆದೇಹಾಕಿದರು. ಟರ್ಬೋವಿನಿಂದ ಗಾಳಿಯ ಒತ್ತಡ ಬಂದ ಹೊರತು ರ್‍ಯಾಕನ್ನು ಪೂರ್ತಿ ಬಿಡದ ಒಂದು ಕಾವಲುಸಾಧನವಿದೆ. ಅದರ ಸ್ಪ್ರಿಂಗನ್ನು ಸಡಿಲಿಸಿದರೆ ಎಣ್ಣೆ ಬೇಗ ಹೋಗಿ ಎಂಜಿನ್ನು ಚುರುಕಾಗುತ್ತದೆ, ಹೊಗೆಯೂ ಏಳುತ್ತದೆ. ನಿಮಿಷಕ್ಕೆ ಸುಮಾರು 2,500 ಸುತ್ತುಗಳಲ್ಲಿ ಎಣ್ಣೆಯನ್ನು ಕಡಿತಗೊಳಿಸತೊಡಗುವ ಗವರ್ನರಿಗೆ ಬಿಗಿಯಾದ ಸ್ಪ್ರಿಂಗುಗಳನ್ನು ಹಾಕಿ ಎಂಜಿನ್ನು ಇನ್ನೂ ವೇಗವಾಗಿ ತಿರುಗುವಂತೆ ಮಾಡಿದರು. ಡೆಲಿವರಿ ವಾಲ್ವುಗಳನ್ನೂ ನಾಜಲ್ಲುಗಳನ್ನೂ ದೊಡ್ಡವಾಗಿ ಬದಲಿಸಿದರು. ಎಣ್ಣೆ ಸಿಡಿಯುವ ಮುಹೂರ್ತವನ್ನು, ಎಂದರೆ ಟೈಮಿಂಗನ್ನು, ಕೆಲವು ಡಿಗ್ರಿಗಳಷ್ಟು ಮುಂಚಿತಗೊಳಿಸಿದರು. ಮೊದಲ ಒಂದೆರಡು ತಿದ್ದುಪಡಿಗಳಿಗೆ ತಗಲುತ್ತಿದ್ದುದು ಒಂದು ಮಧ್ಯಾಹ್ನದ ಶ್ರಮ; ದೊರೆಯುತ್ತಿದ್ದುದು ಹಲವು ಹತ್ತು ಅಶ್ವಶಕ್ತಿ.

ಆದರೆ ಬಲವೆಂಬುದು ಒಂಟಿಯಾಗಿ ಬರುವುದಿಲ್ಲ. ತನ್ನ ಹಿಂದೆ ಅನೇಕ ಋಣಗಳನ್ನು ಎಳೆದುಕೊಂಡೇ ಬರುತ್ತದೆ. ಎಣ್ಣೆ ಹೆಚ್ಚಿದಾಗ ಮೊದಲು ಏರುವುದು ಹೊರಹೋಗುವ ಅನಿಲದ ತಾಪ. ಅದು ಟರ್ಬೋವಿನ ಮುಂದೆ ಸುಮಾರು 1,250 ಫ್ಯಾರನ್‌ಹೀಟ್ ಡಿಗ್ರಿಗಳನ್ನು, ಎಂದರೆ 675 ಸೆಲ್ಸಿಯಸ್ ಡಿಗ್ರಿಗಳನ್ನು ದಾಟಿ ಬಹಳ ಹೊತ್ತು ನಿಂತರೆ ಅಲ್ಯೂಮಿನಿಯಮ್ ಪಿಸ್ಟನ್ನುಗಳಿಗೆ ಅಪಾಯವೆಂದು ಈ ವಿದ್ಯೆಯ ಹಿರಿಯರು ಎಣಿಸುತ್ತಾರೆ. ಆದುದರಿಂದ ಎಂಜಿನ್ನಿಗೆ ಕೈಹಾಕುವ ಮೊದಲು ತಾಪಮಾಪಕವನ್ನು ಕೂರಿಸಬೇಕೆಂಬುದು ಅವರ ಪ್ರಥಮ ಉಪದೇಶ. ತಾಪವನ್ನು ಇಳಿಸಲು ಗಾಳಿ ಬೇಕು, ಗಾಳಿಗೆ ದೊಡ್ಡ ಟರ್ಬೋ ಬೇಕು; ದೊಡ್ಡ ಟರ್ಬೋ ಕೆಳವೇಗದಲ್ಲಿ ಎಚ್ಚರಗೊಳ್ಳಲು ತಡಮಾಡುತ್ತದೆ; ಆ ತಡವನ್ನು ನೀಗಲು ಸಣ್ಣದೊಂದು ದೊಡ್ಡದೊಂದು ಟರ್ಬೋಗಳನ್ನು ಸಾಲಾಗಿ ಜೋಡಿಸುವ ಪದ್ಧತಿ ಬಂದಿತು. ಒತ್ತಲ್ಪಟ್ಟ ಗಾಳಿ ಕಾಯುವುದರಿಂದ ಅದನ್ನು ತಣಿಸುವ ಇಂಟರ್‌ಕೂಲರ್ ದೊಡ್ಡದಾಗಬೇಕಾಯಿತು. ಒತ್ತಡ ಇಮ್ಮಡಿಸಿದಾಗ ಸಿಲಿಂಡರ್ ಹೆಡ್ ಮೇಲಕ್ಕೆದ್ದು ಗ್ಯಾಸ್ಕೆಟ್ಟು ಹಾರಿಹೋಗುತ್ತಿತ್ತು. ಅದಕ್ಕಾಗಿ ಮೂಲ ಬೋಲ್ಟುಗಳ ಸ್ಥಾನದಲ್ಲಿ ಹೆಚ್ಚು ಗಟ್ಟಿಯಾದ ಸ್ಟಡ್ಡುಗಳು ಬಂದವು. ಇಷ್ಟೆಲ್ಲ ಆದ ಮೇಲೆ ಕ್ಲಚ್ ಜಾರತೊಡಗುತ್ತಿತ್ತು, ಅದು ಸರಿಹೋದರೆ ಗೇರ್‌ಬಾಕ್ಸು, ಅದೂ ಸರಿಹೋದರೆ ಆಕ್ಸಲ್. ಇದಲ್ಲದೆ ಈ ಎಂಜಿನ್ನಿಗೆ ಒಂದು ಜನ್ಮದೋಷವೂ ಇತ್ತು: ಟೈಮಿಂಗ್ ಗೇರುಗಳ ಪೆಟ್ಟಿಗೆಯಲ್ಲಿ ಸ್ಥಾನಸೂಚಕವಾಗಿ ಇರಿಸಿದ ಒಂದು ಸಣ್ಣ ಉಕ್ಕಿನ ಗೂಟ, ವರ್ಷಗಳ ಅದುರುವಿಕೆಯಿಂದ ಸಡಿಲವಾಗಿ ಜಾರಿ, ತಿರುಗುವ ಹಲ್ಲುಗಳ ನಡುವೆ ಬಿದ್ದು ಇಡೀ ಎಂಜಿನ್ನನ್ನು ಹಾಳುಮಾಡಬಲ್ಲುದಾಗಿತ್ತು. ಅದರ ಮೇಲೆ ಒಂದು ಪುಟ್ಟ ಪಟ್ಟಿಯನ್ನು ಬೋಲ್ಟಿನಿಂದ ಬಿಗಿದರೆ ಸಾಕು, ಅಪಾಯ ತೊಲಗುತ್ತದೆ. ಬಲವನ್ನು ಅರಸುವ ಮುನ್ನ ಆ ಪಟ್ಟಿಯನ್ನು ಬಿಗಿಯುವವನೇ ನಿಜವಾದ ಕುಶಲಿಯೆಂದು ನಾನು ಭಾವಿಸುತ್ತೇನೆ.

1998ರ ಬಳಿಕ ವಿದ್ಯುನ್ಮಾನದ ಪಂಪುಗಳೂ, 2003ರ ಮಾದರಿಯಿಂದ ಕಾಮನ್ ರೈಲ್ ಪದ್ಧತಿಯೂ ಬಂದು, ತಿರುಪಿನ ಕೆಲಸವನ್ನು ಗಣಕದ ಸಣ್ಣ ಪೆಟ್ಟಿಗೆ ವಹಿಸಿಕೊಂಡಿತು. ಆಗಲೂ ಮೂಲತತ್ತ್ವ ಬದಲಾಗಲಿಲ್ಲ. ಟರ್ಬೋ ವಿದ್ಯೆಯಲ್ಲಿ ಹೆಸರಾದ ಕ್ಯಾಲಿಫೋರ್ನಿಯದ ಗೇಲ್ ಬ್ಯಾಂಕ್ಸ್, 2002ರಲ್ಲಿ ಇದೇ 5.9 ಲೀಟರಿನ ಕಮಿನ್ಸ್ ಎಂಜಿನ್ನನ್ನು 735 ಅಶ್ವಶಕ್ತಿಗೆ ಏರಿಸಿ ಡಕೋಟ ಪಿಕಪ್ಪಿನಲ್ಲಿ ಕೂರಿಸಿ, ಬಾನ್‌ವಿಲ್ ಉಪ್ಪುಬಯಲಿನಲ್ಲಿ ಗಂಟೆಗೆ 217 ಮೈಲಿಗಳ, ಎಂದರೆ ಸುಮಾರು 350 ಕಿಲೋಮೀಟರುಗಳ ಸರಾಸರಿ ವೇಗವನ್ನು ಸಾಧಿಸಿ ತೋರಿಸಿದನು. ಬಲಕ್ಕೆ ಹೊಗೆ ಅನಿವಾರ್ಯವಲ್ಲ, ಗಾಳಿಯನ್ನು ಒದಗಿಸಬಲ್ಲವನಿಗೆ ಹೊಗೆಯ ಅಗತ್ಯವೇ ಇಲ್ಲವೆಂಬುದು ಅವನು ದೀರ್ಘಕಾಲ ಪ್ರತಿಪಾದಿಸಿಕೊಂಡು ಬಂದ ಸಿದ್ಧಾಂತ. ಎಲ್ಲರೂ ಆ ಸಿದ್ಧಾಂತವನ್ನು ಪಾಲಿಸಲಿಲ್ಲವೆಂಬುದು ವಿಷಾದದ ಸಂಗತಿ. ಕಪ್ಪು ಹೊಗೆಯ ಮೋಡವನ್ನೇ ಪೌರುಷದ ಧ್ವಜವೆಂದು ಭಾವಿಸುವ ಒಂದು ವರ್ಗ ಬೆಳೆಯಿತು. 2007ರ ಬಳಿಕದ ಟ್ರಕ್ಕುಗಳಲ್ಲಿ ಕಣಗಳನ್ನು ಹಿಡಿದಿಡಲೆಂದು ಬಂದ ಶೋಧಕಗಳನ್ನು ಕಿತ್ತೆಸೆಯುವ ವ್ಯಾಪಾರವೇ ಹಬ್ಬಿತು. ಹಿಂದಿನ ಸುಮಾರು ಒಂದು ದಶಕದಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳಿಂದ ಇಂಥ ಸಾಧನಗಳನ್ನು ತೆಗೆದುಹಾಕಲಾಗಿದೆಯೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜುಮಾಡಿತು. ತಪ್ಪು ಸಣ್ಣವರದಷ್ಟೇ ಆಗಿರಲಿಲ್ಲ: ಪರೀಕ್ಷೆಯಲ್ಲಿ ಒಂದು ರೀತಿ, ಹೆದ್ದಾರಿಯಲ್ಲಿ ಇನ್ನೊಂದು ರೀತಿ ನಡೆಯುವಂತೆ ಎಂಜಿನ್ನುಗಳನ್ನು ಹೊಂದಿಸಿದ್ದರೆಂಬ ಆರೋಪದ ಮೇಲೆ ಏಳು ದೊಡ್ಡ ತಯಾರಕ ಸಂಸ್ಥೆಗಳು 1998ರಲ್ಲಿಯೇ ಆ ಸರ್ಕಾರದೊಡನೆ ಸುಮಾರು ನೂರು ಕೋಟಿ ಡಾಲರುಗಳ ಒಪ್ಪಂದಕ್ಕೆ ಬರಬೇಕಾಗಿತ್ತು.

ಈ ಕಥೆಯ ಕೆಲವು ಎಳೆಗಳು ನಮ್ಮ ನಾಡಿನಲ್ಲಿಯೂ ಹಾದುಹೋಗಿವೆ. ಬಾಷ್ ಸಂಸ್ಥೆಯ ಸಹಯೋಗದಿಂದ 1951ರಲ್ಲಿ ಸ್ಥಾಪಿತವಾದ ಮೈಕೋ ಕಾರ್ಖಾನೆ ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಪಂಪುಗಳನ್ನು ತಯಾರಿಸಿ ದೇಶಕ್ಕೆಲ್ಲ ಒದಗಿಸಿತು. ಲಾರಿ ಗ್ಯಾರೇಜುಗಳ ಬೀದಿಯಲ್ಲಿ ಪಂಪು-ನಾಜಲ್ ಅಂಗಡಿಯಿಲ್ಲದ ಜಿಲ್ಲಾಕೇಂದ್ರ ವಿರಳ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿ, ಬೆಳಗಾವಿಯ ಸೈಕಲ್ ಅಂಗಡಿಯಿಂದ ಉದ್ಯಮವನ್ನಾರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ಸಂಸ್ಥೆಯೇ 1962ರಲ್ಲಿ ಪುಣೆಯಲ್ಲಿ ಕಮಿನ್ಸಿನೊಡನೆ ಕೈಜೋಡಿಸಿತು. 1993ರಲ್ಲಿ ಜಮ್‌ಷೇಡ್‌ಪುರದಲ್ಲಿ ಸ್ಥಾಪನೆಯಾದ ಟಾಟಾ ಕಮಿನ್ಸ್ ಅದೇ 5.9 ಲೀಟರಿನ ಬಿ-ಸರಣಿಯ ಎಂಜಿನ್ನನ್ನು ಭಾರತದ ಲಾರಿಗಳಿಗೆ ತಂದಿತು. ಅಮೆರಿಕದ ಕುಶಲಿ ಪಂಪನ್ನು ಬಿಚ್ಚುವುದು ಬಲಕ್ಕಾಗಿ. ನಮ್ಮ ಲಾರಿಯ ಮಾಲೀಕರಲ್ಲಿ ಮೈಲೇಜನ್ನು ಕೇಳುವವರೇ ಹೆಚ್ಚು. ಗುರಿಗಳು ಬೇರೆಯಾದರೂ ಇಬ್ಬರಿಗೂ ಶಾಸ್ತ್ರ ಒಂದೇ: ಮುಚ್ಚಿದ ಏರ್ ಫಿಲ್ಟರು, ಸವೆದ ನಾಜಲ್ಲು, ಸೋರುವ ಟರ್ಬೋ ಕೊಳವೆ ಇಬ್ಬರನ್ನೂ ಸಮನಾಗಿ ದರಿದ್ರರನ್ನಾಗಿಸುತ್ತವೆ.

ಇಷ್ಟನ್ನೂ ಪರ್ಯಾಲೋಚಿಸಿದಾಗ ಒಂದು ನಿರ್ಣಯ ನಿಚ್ಚಳವಾಗಿ ಮೂಡುತ್ತದೆ. ಹಳೆಯ ಡೀಸೆಲ್ಲಿನಿಂದ ಹೆಚ್ಚಿನ ಬಲವನ್ನು ಪಡೆಯುವುದು ನಿರ್ಮಾಪಕನು ಬಾಳಿಕೆಗೆಂದು ಕಾದಿರಿಸಿದ ನಿಧಿಯನ್ನು ವ್ಯಯಿಸುವುದಾಗಿದೆ. ವಿವೇಕಿಯು ಅದನ್ನು ಅಳೆದು ವ್ಯಯಿಸುತ್ತಾನೆ, ಅವಿವೇಕಿಯು ಹೊಗೆಯಾಗಿ ಹಾರಿಸುತ್ತಾನೆ. ಮೊದಲು ಗಾಳಿ, ಅನಂತರ ಎಣ್ಣೆ, ಸದಾಕಾಲ ತಾಪಮಾಪಕದ ಮೇಲೆ ಕಣ್ಣು ಎಂಬ ಕ್ರಮವನ್ನು ಹಿಡಿದವರ ಎಂಜಿನ್ನುಗಳು ದೀರ್ಘಕಾಲ ಬಾಳಿವೆ, ಹಿಡಿಯದವರವು ಗುಜರಿಗೆ ಸೇರಿವೆ. ಆ ಹೊಗೆಯನ್ನು ಉಸಿರಾಡಬೇಕಾದವರು ರಸ್ತೆಯ ಬದಿಯಲ್ಲಿ ನಡೆಯುವ ಮಕ್ಕಳೂ ವೃದ್ಧರೂ ಎಂಬುದನ್ನು ನೆನೆದರೆ, ಇದು ಯಂತ್ರಧರ್ಮದೊಡನೆ ಲೋಕಧರ್ಮದ ಪ್ರಶ್ನೆಯೂ ಆಗುತ್ತದೆ. ಹಳೆಯ ಎಂಜಿನ್ನಿಗೆ ಕೈಹಾಕಬಯಸುವ ತರುಣರು ಇದನ್ನು ಮನಸ್ಸಿನಲ್ಲಿಡಲಿ: ಕಪ್ಪು ಹೊಗೆ ಸಾಮರ್ಥ್ಯದ ಲಕ್ಷಣವಲ್ಲ, ಕೆಲಸ ಇನ್ನೂ ಅರ್ಧಕ್ಕೆ ನಿಂತಿದೆಯೆಂಬುದರ ಲಕ್ಷಣ.